ಸ್ಟೀರಿಂಗ್ ಅದುರುತ್ತಿದೆಯೇ? ಹಳೆಯ ಕಾರಿನವರಿಗೆ 14 ಸೂತ್ರಗಳು

ಹಳೆಯ ಕಾರಿನ ಸ್ಟೀರಿಂಗ್ ಅದುರತೊಡಗಿತೆಂದರೆ ಸಲಹೆಗಳಿಗೆ ಬರವಿಲ್ಲ. ಪಕ್ಕದ ಮನೆಯವರು ಅಲೈನ್‌ಮೆಂಟ್ ಅಂತಾರೆ. ಟೈರ್ ಅಂಗಡಿಯವರು ನಾಲ್ಕೂ ಟೈರ್ ಹಾಕಿಸಿಬಿಡಿ ಅಂತಾರೆ. ಗ್ಯಾರೇಜಿನಲ್ಲಿ ‘ಸಾರ್, ಸಸ್ಪೆನ್ಷನ್ ಪೂರ್ತಿ ಹೋಗಿದೆ’ ಎಂಬ ತೀರ್ಪು ಬರುತ್ತದೆ. ಭಾವಮೈದುನನಂತೂ ಮಾರಿಬಿಡಿ ಎಂದು ಎಂದೋ ಹೇಳಿ ಆಗಿದೆ. ಎಲ್ಲರ ಮಾತಿಗೂ ಒಂದೊಂದು ಬಿಲ್ಲು ಕಟ್ಟಿದ ಮೇಲೂ ಕಾರು ಮೊದಲಿನ ಹಾಗೇ ಅದುರುತ್ತಿರುತ್ತದೆ. ಏಕೆಂದರೆ ಅಷ್ಟು ಜನರಲ್ಲಿ ಒಬ್ಬರೂ ಕೇಳಬೇಕಾದ ಪ್ರಶ್ನೆಯನ್ನು ಕೇಳಿರುವುದಿಲ್ಲ: ಅದುರುವುದು ಯಾವಾಗ?

ಮಾರುತಿ 800, ಆಲ್ಟೊ, ಝೆನ್, ಸ್ಯಾಂಟ್ರೊ, ಇಂಡಿಕಾ ಇಟ್ಟುಕೊಂಡವರಿಗೆ ಒಂದು ಅನುಕೂಲವಿದೆ. ಈ ಗಾಡಿಗಳ ಮುಂಭಾಗ ಸರಳ. ಒಂದು ಜಾಕ್, ಒಂದು ವೀಲ್ ಸ್ಪ್ಯಾನರ್, ಒಂದು ಟಾರ್ಚು, ಅರ್ಧ ದಿನದ ಬಿಡುವು ಇದ್ದರೆ ತೊಂದರೆಯ ಮೂಲವನ್ನು ಬಹುಮಟ್ಟಿಗೆ ಮನೆಯ ಮುಂದೆಯೇ ಗುರುತಿಸಬಹುದು. ರಿಪೇರಿ ನೀವೇ ಮಾಡಬೇಕೆಂದಿಲ್ಲ. ಏನಾಗಿದೆಯೆಂದು ತಿಳಿದು ಗ್ಯಾರೇಜಿಗೆ ಹೋದರೆ ಖರ್ಚು ನಿಮ್ಮ ಹಿಡಿತದಲ್ಲಿರುತ್ತದೆ.

1. ಎಲ್ಲಕ್ಕಿಂತ ಮೊದಲು ವೀಲ್ ನಟ್ ಮುಟ್ಟಿ ನೋಡಿ

ನಿನ್ನೆ ಸರಿಯಿದ್ದ ಕಾರು ಇವತ್ತು ಏಕಾಏಕಿ ಅದುರಿದರೆ, ಅದರಲ್ಲೂ ಪಂಕ್ಚರ್ ಹಾಕಿಸಿದ ಅಥವಾ ಬ್ರೇಕ್ ಕೆಲಸ ಮಾಡಿಸಿದ ಮಾರನೆಯ ದಿನ ಅದುರಿದರೆ, ಬೇರೇನೂ ಯೋಚಿಸದೆ ಬದಿಗೆ ನಿಲ್ಲಿಸಿ ನಟ್‌ಗಳನ್ನು ಪರೀಕ್ಷಿಸಿ. ಸಡಿಲವಾದ ನಟ್‌ನಿಂದ ಚಕ್ರವೇ ಕಳಚಿ ಹೋಗಬಹುದು. ನಾಲ್ಕು ನಟ್ ಇರುವ ಚಕ್ರದಲ್ಲಿ ಒಂದನ್ನು ಬಿಗಿ ಮಾಡಿದ ಮೇಲೆ ಅದರ ಪಕ್ಕದ್ದಕ್ಕೆ ಹೋಗಬಾರದು, ಎದುರಿನದಕ್ಕೆ ಹೋಗಬೇಕು. ಚಕ್ರ ಬಿಚ್ಚಿ ಹಾಕಿದ ಮೇಲೆ 50ರಿಂದ 100 ಕಿಲೋಮೀಟರ್ ಓಡಿಸಿ ಮತ್ತೊಮ್ಮೆ ಸ್ಪ್ಯಾನರ್ ಹಾಕಿ ನೋಡುವುದು ಒಳ್ಳೆಯ ರೂಢಿ. ಇದಕ್ಕೆ ಕಾಸು ಖರ್ಚಿಲ್ಲ, ಐದು ನಿಮಿಷ ಸಾಕು.

2. ಯಾವಾಗ ಅದುರುತ್ತದೆ, ಬರೆದಿಟ್ಟುಕೊಳ್ಳಿ

ಬೆಂಗಳೂರಿನ ಒಳಗೇ ಓಡಾಡುವ ಕಾರಿನಲ್ಲಿ ಈ ತೊಂದರೆ ತಿಂಗಳುಗಟ್ಟಲೆ ಗೊತ್ತೇ ಆಗುವುದಿಲ್ಲ. 80 ಮುಟ್ಟುವ ಅವಕಾಶ ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಯಾರಿಗಿದೆ? ಮೈಸೂರು ಎಕ್ಸ್‌ಪ್ರೆಸ್‌ವೇಗೋ ತುಮಕೂರು ಹೆದ್ದಾರಿಗೋ ಇಳಿದ ದಿನ ಕೈ ಜುಮುಗುಡುತ್ತದೆ. ಹಾಗಾಗಿ ಪರೀಕ್ಷೆಗೆಂದೇ ಬೆಳಗಿನ ಹೊತ್ತು, ವಾಹನ ಕಡಿಮೆಯಿರುವ ನೇರ, ನುಣುಪಾದ ರಸ್ತೆಗೆ ಹೋಗಿ. ಪಕ್ಕದಲ್ಲಿ ಒಬ್ಬರು ಕೂತು ಬರೆದುಕೊಳ್ಳಲಿ. ಓಡಿಸುವವರು ಫೋನ್ ಮುಟ್ಟುವುದು ಬೇಡ.

30, 50, 70, 80, 90, 100 ಹೀಗೆ ವೇಗ ಏರಿಸುತ್ತ ಎಲ್ಲಿ ಶುರುವಾಯಿತು, ಎಲ್ಲಿ ಹೆಚ್ಚಾಯಿತು, ಎಲ್ಲಿ ಕಡಿಮೆಯಾಯಿತು ಎಂದು ಗುರುತಿಸಿ. 90ರಲ್ಲಿ ಅದುರುವಾಗ ಆಕ್ಸಿಲರೇಟರ್‌ನಿಂದ ಕಾಲು ತೆಗೆದು ನೋಡಿ: ನಿಂತಿತೇ, ಮುಂದುವರಿಯಿತೇ? ಕ್ಲಚ್ ಒತ್ತಿ ನೋಡಿ. ಮೆಲ್ಲಗೆ ಬ್ರೇಕ್ ಒತ್ತಿ ನೋಡಿ. ಇಷ್ಟಾದ ಮೇಲೆ ಪಟ್ಟಿ ತಾನೇ ಮಾತಾಡುತ್ತದೆ.

80ರ ಆಸುಪಾಸಿನಲ್ಲಿ ಶುರುವಾಗಿ, 100ರಲ್ಲಿ ಹೆಚ್ಚಿ, ಅದಕ್ಕಿಂತ ಮೇಲೆ ಕಡಿಮೆಯಾದರೆ ಚಕ್ರದ ಬ್ಯಾಲೆನ್ಸಿಂಗ್ ಮೇಲೆ ಮೊದಲ ಅನುಮಾನ. 30-40ರಲ್ಲೇ ಸ್ಟೀರಿಂಗ್ ಎಡಕ್ಕೂ ಬಲಕ್ಕೂ ಹೊಯ್ದಾಡಿದರೆ ಟೈರ್ ಉಬ್ಬಿದೆ, ಇಲ್ಲವೇ ರಿಮ್ ಬೆಂಡ್ ಆಗಿದೆ. ಬ್ರೇಕ್ ಒತ್ತಿದಾಗ ಮಾತ್ರ ಬಂದರೆ ಡಿಸ್ಕ್. ಆಕ್ಸಿಲರೇಟರ್ ಒತ್ತಿದಾಗ ಬಂದು, ಬಿಟ್ಟಾಗ ಹೋದರೆ ಆಕ್ಸಲ್. ಸಿಗ್ನಲ್‌ನಲ್ಲಿ ನಿಂತಾಗಲೂ ಅದುರಿದರೆ ಅದು ಚಕ್ರದ ತಂಟೆಯೇ ಅಲ್ಲ.

ಗ್ಯಾರೇಜಿನಲ್ಲಿ ‘ಏನೋ ವೈಬ್ರೇಷನ್ ಬರ್ತಾ ಇದೆ’ ಎನ್ನುವುದಕ್ಕೂ, ‘ಎಂಬತ್ತೈದಕ್ಕೆ ಶುರುವಾಗುತ್ತೆ ಅಣ್ಣ, ನೂರರ ಮೇಲೆ ಇರಲ್ಲ, ಬ್ರೇಕ್ ಹಾಕಿದ್ರೂ ಏನೂ ವ್ಯತ್ಯಾಸ ಇಲ್ಲ’ ಎನ್ನುವುದಕ್ಕೂ ಬಿಲ್ಲಿನಲ್ಲಿ ಸಾವಿರಗಳ ಅಂತರ ಬರಬಹುದು.

3. ಕೈಗೆ ತಾಗುತ್ತದೋ, ಸೀಟಿಗೆ ತಾಗುತ್ತದೋ?

ಮುಂದಿನ ಚಕ್ರದ ದೋಷ ಸ್ಟೀರಿಂಗ್‌ಗೆ ಬರುತ್ತದೆ. ಹಿಂದಿನ ಚಕ್ರದ್ದು ಸೀಟಿಗೆ, ಕಾಲಡಿಯ ನೆಲಕ್ಕೆ ಬರುತ್ತದೆ. ನೂರಕ್ಕೆ ನೂರು ನಂಬುವ ನಿಯಮವಲ್ಲ, ಆದರೂ ಹುಡುಕಾಟವನ್ನು ನಾಲ್ಕು ಚಕ್ರದಿಂದ ಎರಡಕ್ಕೆ ಇಳಿಸಲು ಸಾಕು. ಓಮ್ನಿ, ಅಂಬಾಸಡರ್, ಪದ್ಮಿನಿಯಂಥ ಹಿಂದಿನ ಚಕ್ರ ಎಳೆಯುವ ಗಾಡಿಗಳಲ್ಲಿ ನೆಲ ಗುಯ್‌ಗುಟ್ಟಿದರೆ ಪ್ರೊಪೆಲ್ಲರ್ ಶಾಫ್ಟಿನ ಯು-ಜಾಯಿಂಟನ್ನೂ ನೋಡಬೇಕು.

4. ಅದುರುವುದಕ್ಕೆ ಅಲೈನ್‌ಮೆಂಟ್ ಮದ್ದಲ್ಲ

ನಮ್ಮಲ್ಲಿ ಅತಿ ಹೆಚ್ಚು ದುಡ್ಡು ವ್ಯರ್ಥವಾಗುವ ಜಾಗ ಇದು. ಅಲೈನ್‌ಮೆಂಟ್ ಎಂದರೆ ಚಕ್ರಗಳು ಯಾವ ಕೋನದಲ್ಲಿ ನಿಂತಿವೆ ಎಂಬ ಲೆಕ್ಕ. ಅದು ತಪ್ಪಿದರೆ ಕಾರು ಒಂದು ಕಡೆಗೆ ಎಳೆಯುತ್ತದೆ, ನೇರ ಹೋಗುವಾಗ ಸ್ಟೀರಿಂಗ್ ಓರೆ ನಿಲ್ಲುತ್ತದೆ, ಟೈರಿನ ಒಂದು ಅಂಚು ಮೊದಲು ಸವೆಯುತ್ತದೆ. ಗಡಗಡ ಅದುರುವುದು ಸಾಮಾನ್ಯವಾಗಿ ಬ್ಯಾಲೆನ್ಸಿಂಗ್ ತಪ್ಪಿದ್ದರಿಂದ, ಅಂದರೆ ಚಕ್ರದ ಸುತ್ತಲಿನ ತೂಕ ಸಮವಾಗಿಲ್ಲದ್ದರಿಂದ.

ಎಷ್ಟು ತೂಕ ತಪ್ಪಿದರೆ ಎಷ್ಟು ಹೊಡೆತ? ಆಲ್ಟೊಗೆ ಬರುವ 145/80 ಆರ್12 ಟೈರ್ ತೆಗೆದುಕೊಳ್ಳಿ. ಅದರ ಸುತ್ತಳತೆ ಸುಮಾರು 1.7 ಮೀಟರ್. 80 ಕಿಲೋಮೀಟರ್ ವೇಗದಲ್ಲಿ ಅದು ಸೆಕೆಂಡಿಗೆ ಸುಮಾರು 13 ಸುತ್ತು ತಿರುಗುತ್ತದೆ. ರಿಮ್ಮಿನ ಅಂಚಿನಿಂದ ಬರೀ 20 ಗ್ರಾಂ ಸೀಸದ ತುಂಡು ಉದುರಿಹೋಗಿದ್ದರೆ, ಆ ವೇಗದಲ್ಲಿ ಸುಮಾರು 2 ಕಿಲೋ ಭಾರದಷ್ಟು ಬಲ ಚಕ್ರವನ್ನು ಸೆಕೆಂಡಿಗೆ 13 ಸಲ ಅತ್ತ ಇತ್ತ ಎಳೆಯುತ್ತದೆ. 100ರಲ್ಲಿ ಅದು 3 ಕಿಲೋ ದಾಟುತ್ತದೆ. 40ರಲ್ಲಿ ಬರೀ ಅರ್ಧ ಕಿಲೋ. ವೇಗ ಎರಡು ಪಟ್ಟಾದರೆ ಹೊಡೆತ ನಾಲ್ಕು ಪಟ್ಟಾಗುತ್ತದೆ. ಊರೊಳಗೆ ಸುಮ್ಮನಿದ್ದ ಕಾರು ಹೆದ್ದಾರಿಯಲ್ಲಿ ಕುಣಿಯುವ ಗುಟ್ಟು ಇದೇ.

ಹಾಗಾದರೆ 110ರಲ್ಲಿ ಇನ್ನೂ ಹೆಚ್ಚಬೇಕಿತ್ತಲ್ಲ, ಯಾಕೆ ಕಡಿಮೆಯಾಗುತ್ತದೆ? ಸ್ಪ್ರಿಂಗ್, ರಬ್ಬರ್ ಬುಷ್, ಸ್ಟೀರಿಂಗ್ ಎಲ್ಲ ಸೇರಿದ ಮುಂಭಾಗಕ್ಕೆ ತನ್ನದೇ ಆದ ಒಂದು ಲಯವಿದೆ. ಚಕ್ರದ ಹೊಡೆತ ಆ ಲಯಕ್ಕೆ ಕೂಡಿದ ವೇಗದಲ್ಲಿ ಅದುರಾಟ ಹಿಗ್ಗುತ್ತದೆ, ದಾಟಿದ ಮೇಲೆ ಕುಗ್ಗುತ್ತದೆ. ‘ನೂರರ ಮೇಲೆ ಓಡಿಸಿದ್ರೆ ಸರಿಹೋಗುತ್ತೆ’ ಎಂದು ಹಾಗೇ ಓಡಿಸುವ ಮಹನೀಯರಿದ್ದಾರೆ. ಕೈಗೆ ಗೊತ್ತಾಗದಿದ್ದರೂ ಬೇರಿಂಗು, ಬಾಲ್ ಜಾಯಿಂಟುಗಳು ಪೆಟ್ಟು ತಿನ್ನುತ್ತಲೇ ಇರುತ್ತವೆ.

5. ಬ್ಯಾಲೆನ್ಸಿಂಗ್ ಮಾಡುವಾಗ ಪಕ್ಕದಲ್ಲೇ ನಿಲ್ಲಿ

ಟೀ ಕುಡಿಯಲು ಹೋಗಬೇಡಿ. ಅಂಗಡಿಯ ಹುಡುಗ ಚಕ್ರವನ್ನು ಮಷಿನ್‌ಗೆ ಏರಿಸುವ ಮೊದಲು ರಿಮ್ಮಿನ ಒಳಗಿನ ಕೆಸರು ಕೆರೆದು, ಹಳೆಯ ತೂಕಗಳನ್ನು ಕಿತ್ತು ಹಾಕಬೇಕು. ಹಳೆಯದರ ಮೇಲೆ ಹೊಸದು ಅಂಟಿಸಿಕೊಂಡು ಹೋದ ಚಕ್ರಗಳಲ್ಲಿ ಎದುರುಬದುರಾಗಿ ಒಂದನ್ನೊಂದು ಕಡಿಯುವ ತೂಕಗಳು ಕೂತಿರುತ್ತವೆ.

ಚಕ್ರ ಮೆಲ್ಲಗೆ ತಿರುಗುವಾಗ ಅಂಕಿಗಿಂತ ಮೊದಲು ಟೈರನ್ನು ನೋಡಿ. ರಿಮ್ಮಿನ ಅಂಚು ಒಳಗೂ ಹೊರಗೂ ಓಲಾಡುತ್ತಿದೆಯೇ? ಟೈರಿನ ಹಲ್ಲುಗಳು ಒಂದು ಕಡೆ ಮೇಲೆದ್ದು ಇಳಿಯುತ್ತಿವೆಯೇ? ಓಲಾಡುವ ಚಕ್ರಕ್ಕೂ ಮಷಿನ್ ಸೊನ್ನೆ ತೋರಿಸುತ್ತದೆ, ಏಕೆಂದರೆ ಅದಕ್ಕೆ ಗೊತ್ತಾಗುವುದು ತೂಕ ಮಾತ್ರ, ಆಕಾರವಲ್ಲ. ಸೊನ್ನೆ ಬಂದ ಚಕ್ರ ರಸ್ತೆಯಲ್ಲಿ ಮತ್ತೆ ಅದುರುವುದು ಹೀಗೆಯೇ.

ತೂಕ ಹಾಕಿದ ಮೇಲೆ ಇನ್ನೊಮ್ಮೆ ತಿರುಗಿಸಿ, ಒಳಬದಿಗೂ ಹೊರಬದಿಗೂ ಸೊನ್ನೆ ಬಂದದ್ದನ್ನು ನೋಡಿದ ಮೇಲೇ ಇಳಿಸಲು ಬಿಡಿ. ಸಣ್ಣ ಕಾರಿನ ಚಕ್ರಕ್ಕೆ 80-100 ಗ್ರಾಂ ಕೇಳಿದರೆ ತೂಕ ಸುರಿಯುತ್ತ ಹೋಗಬೇಡಿ, ಟೈರ್ ಅಥವಾ ರಿಮ್ಮಿನಲ್ಲೇ ದೋಷವಿದೆ ಎಂದು ತಿಳಿಯಿರಿ. ಗಾಳಿ ಬಿಟ್ಟು, ಟೈರನ್ನು ರಿಮ್ಮಿನ ಮೇಲೆ ಅರ್ಧ ಸುತ್ತು ತಿರುಗಿಸಿ ಕೂರಿಸಿದರೆ ಎರಡರ ಭಾರದ ಜಾಗಗಳು ಎದುರುಬದುರಾಗಿ ಎಷ್ಟೋ ಸಲ ಲೆಕ್ಕ ಅರ್ಧಕ್ಕೆ ಇಳಿಯುತ್ತದೆ. ಹೇಳಿದರೆ ಹುಡುಗ ಮುಖ ಸಿಂಡರಿಸಬಹುದು. ಚಹಾದ ದುಡ್ಡು ಬೇರೆ ಕೊಡಿ.

ಪಂಕ್ಚರ್ ಆಗದಿರಲೆಂದು ಟೈರಿನೊಳಗೆ ದ್ರವ ತುಂಬಿಸಿದ್ದರೆ ಅದನ್ನೂ ಮುಂಚೆಯೇ ಹೇಳಿ. ನಿಂತ ಕಾರಿನಲ್ಲಿ ಆ ದ್ರವ ಕೆಳಗೆ ಇಳಿದು ಒಂದೇ ಕಡೆ ಸೇರುತ್ತದೆ. ಅಂಥ ಚಕ್ರಕ್ಕೆ ಮಷಿನ್ ಪ್ರತಿ ಸಲವೂ ಬೇರೆ ಬೇರೆ ಅಂಕಿ ತೋರಿಸುತ್ತದೆ.

6. ಮಳೆಗಾಲದಲ್ಲಿ ಮೊದಲು ನೀರಿನ ಪೈಪು ಹಿಡಿಯಿರಿ

ಮಲೆನಾಡಿನ ತೋಟದ ದಾರಿಯಲ್ಲಿ ಓಡಾಡಿದ ಕಾರಿಗೆ ರಿಮ್ಮಿನ ಒಳಮೈಯಲ್ಲಿ ಕೆಸರು ಮೆತ್ತಿ, ಒಣಗಿ ಗಟ್ಟಿಯಾಗಿರುತ್ತದೆ. 20 ಗ್ರಾಂ ಏನು ಮಾಡಬಲ್ಲದೆಂದು ಮೇಲೆ ನೋಡಿದೆವು. ಮೆತ್ತಿದ ಮಣ್ಣು ಸುಲಭವಾಗಿ ಅದರ ಹಲವು ಪಟ್ಟು ತೂಗುತ್ತದೆ. ಚಕ್ರದ ಹಿಂಬದಿಗೆ ಜೋರಾಗಿ ನೀರು ಹಾಯಿಸಿ ತೊಳೆದು, ಒಂದು ಸುತ್ತು ಓಡಿಸಿ ನೋಡಿ.

7. ಟೈರಿನ ವಯಸ್ಸು ಓದಿ, ಮೈ ತಡವಿ

ಟೈರಿನ ಪಕ್ಕದ ಮೈಮೇಲೆ ಡಾಟ್ ಎಂಬ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿಗಳಿರುತ್ತವೆ. 2317 ಎಂದಿದ್ದರೆ 2017ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದ ಟೈರು. ಒಂದು ಬದಿಯಲ್ಲಿ ಕಾಣದಿದ್ದರೆ ಇನ್ನೊಂದು ಬದಿಯಲ್ಲಿರುತ್ತದೆ, ಟಾರ್ಚು ಹಿಡಿದು ಒಳಗಡೆ ನೋಡಿ. ಕಡಿಮೆ ಓಡುವ ಹಳೆಯ ಕಾರುಗಳಲ್ಲಿ ಹಲ್ಲು ಹೊಸದರಂತೆ ಉಳಿದು, ರಬ್ಬರ್ ಮಾತ್ರ ಮುಪ್ಪಾಗಿರುತ್ತದೆ. ಆರು ವರ್ಷ ಕಳೆದ ಟೈರನ್ನು ವರ್ಷಕ್ಕೊಮ್ಮೆ ಬಲ್ಲವರಿಗೆ ತೋರಿಸಿ. ಹತ್ತು ವರ್ಷ ಆದದ್ದನ್ನು ಹಲ್ಲು ಎಷ್ಟೇ ಇರಲಿ, ತೆಗೆದು ಹಾಕಿ.

ಆಮೇಲೆ ಅಂಗೈಯಿಂದ ಟೈರಿನ ಮೈಯನ್ನು ಸುತ್ತಲೂ ತಡವಿ. ತಂತಿ ಹೊರಗೆ ಬಂದಿರಬಹುದು, ದಪ್ಪ ಬಟ್ಟೆ ಹಿಡಿದು ತಡವುವುದು ಕ್ಷೇಮ. ಪಕ್ಕದ ಗೋಡೆಯಲ್ಲಿ ಉಬ್ಬು ಸಿಕ್ಕರೆ ಒಳಗಿನ ದಾರದ ಪದರ ಹರಿದಿದೆ ಎಂದರ್ಥ. ರಸ್ತೆಗೆ ತಾಗುವ ಮೈಯಲ್ಲಿ ಒಂದು ಕಡೆ ದಿಬ್ಬ ಎದ್ದಿದ್ದರೆ ಉಕ್ಕಿನ ಪದರ ಬಿಟ್ಟುಕೊಂಡಿದೆ. ಎರಡಕ್ಕೂ ರಿಪೇರಿ ಇಲ್ಲ. ಹಲ್ಲುಗಳ ನಡುವೆ ಅಲ್ಲಲ್ಲಿ ಇರುವ ಸಣ್ಣ ಅಡ್ಡಪಟ್ಟಿಯ ಮಟ್ಟಕ್ಕೆ ಟೈರ್ ಸವೆದಿದ್ದರೆ ಉಳಿದಿರುವುದು 1.6 ಮಿಲಿಮೀಟರ್, ಅಲ್ಲಿಗೆ ಅದರ ಆಯುಸ್ಸು ಮುಗಿಯಿತು.

ಮಕ್ಕಳು ಹೊರದೇಶದಲ್ಲಿದ್ದು, ಶೆಡ್ಡಿನಲ್ಲಿ ತಿಂಗಳುಗಟ್ಟಲೆ ನಿಂತ ಕಾರುಗಳದ್ದು ಬೇರೆಯೇ ಕಥೆ. ನೆಲಕ್ಕೆ ಒತ್ತಿಕೊಂಡಿದ್ದ ಜಾಗ ಚಪ್ಪಟೆಯಾಗಿ, ಹೊರಟ ಕೂಡಲೇ ದಡದಡ ಅನ್ನುತ್ತದೆ. ಟೈರ್ ಬಿಸಿಯಾದಂತೆ, ಹತ್ತಿಪ್ಪತ್ತು ಕಿಲೋಮೀಟರ್‌ನಲ್ಲಿ ಇದು ಹೋದರೆ ಚಿಂತೆಯಿಲ್ಲ. ಹೋಗದಿದ್ದರೆ ಆ ಟೈರ್ ಮತ್ತೆ ದುಂಡಗಾಗುವುದಿಲ್ಲ.

8. ಚಕ್ರಗಳನ್ನು ಅದಲುಬದಲು ಮಾಡಿ

ಅನುಮಾನ ಇತ್ಯರ್ಥ ಮಾಡಲು ಇದಕ್ಕಿಂತ ಅಗ್ಗದ ಉಪಾಯವಿಲ್ಲ. ಮುಂದಿನ ಎರಡು ಚಕ್ರಗಳನ್ನು ಹಿಂದಕ್ಕೂ, ಹಿಂದಿನ ಎರಡನ್ನು ಮುಂದಕ್ಕೂ ಹಾಕಿ, ಅದೇ ರಸ್ತೆಯಲ್ಲಿ, ಅದೇ ವೇಗದಲ್ಲಿ ಓಡಿಸಿ. ಅದುರಾಟ ಸ್ಟೀರಿಂಗ್‌ನಿಂದ ಸೀಟಿಗೆ ಹೋಯಿತೇ? ಹಾಗಾದರೆ ತೊಂದರೆ ಟೈರ್ ಅಥವಾ ರಿಮ್ಮಿನಲ್ಲಿದೆ, ಗ್ಯಾರೇಜಿಗೆ ಹೋಗುವ ಅಗತ್ಯವೇ ಇಲ್ಲ. ಸ್ಟೀರಿಂಗ್‌ನಲ್ಲೇ ಉಳಿಯಿತೇ? ಹಾಗಾದರೆ ಚಕ್ರಕ್ಕೆ ದುಡ್ಡು ಸುರಿಯುವುದನ್ನು ನಿಲ್ಲಿಸಿ ಬೇರಿಂಗು, ಜಾಯಿಂಟು, ಬ್ರೇಕಿನ ಕಡೆ ತಿರುಗಿ. ಸ್ಟೆಪ್ನಿ ಅದೇ ಸೈಜಿನದಾಗಿ ಚೆನ್ನಾಗಿದ್ದರೆ ಒಂದೊಂದೇ ಚಕ್ರದ ಜಾಗಕ್ಕೆ ಅದನ್ನು ಹಾಕಿ ನೋಡಿಯೂ ಕಳ್ಳನನ್ನು ಹಿಡಿಯಬಹುದು.

ಚಕ್ರ ಬಿಚ್ಚಿದಾಗ ಇನ್ನೊಂದು ಕೆಲಸ ಮಾಡಿ. ರಿಮ್ ಬಂದು ಕೂರುವ ಹಬ್ಬಿನ ಮುಖದ ಮೇಲೆ ತುಕ್ಕು ಕಟ್ಟಿದ್ದರೆ ತಂತಿ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ಕರಾವಳಿಯ ಕಾರುಗಳಲ್ಲಿ ಇದು ಇದ್ದೇ ಇರುತ್ತದೆ. ಆ ತುಕ್ಕಿನ ಹೊಪ್ಪಳಿಕೆಯ ಮೇಲೆ ಕೂತ ರಿಮ್, ಮಷಿನ್‌ನಲ್ಲಿ ಎಷ್ಟು ಸರಿ ಬಂದಿದ್ದರೂ ಕಾರಿನಲ್ಲಿ ಸೊಟ್ಟಗೆ ತಿರುಗುತ್ತದೆ.

9. ಬ್ರೇಕ್ ಒತ್ತಿದಾಗ ಮಾತ್ರ ಅದುರಿದರೆ

ಇಲ್ಲಿ ಅಪರಾಧಿ ಹೆಚ್ಚಾಗಿ ಮುಂದಿನ ಡಿಸ್ಕ್. ಸ್ಟೀರಿಂಗ್ ಎಡಬಲಕ್ಕೆ ಕಂಪಿಸುವುದರ ಜೊತೆಗೆ ಬ್ರೇಕ್ ಪೆಡಲ್ ಕೂಡ ಪಾದದಡಿ ಮಿಡಿಯುತ್ತದೆ. ಎಬಿಎಸ್ ಇರುವ ಕಾರಿನಲ್ಲಿ ಗಟ್ಟಿಯಾಗಿ ಒತ್ತಿದಾಗ ಪೆಡಲ್ ಮಿಡಿಯುವುದು ಸಹಜ, ಅದನ್ನು ಇದರೊಂದಿಗೆ ಬೆರೆಸಬೇಡಿ.

‘ಡಿಸ್ಕ್ ಬೆಂಡ್ ಆಗಿದೆ’ ಎನ್ನುವುದು ರೂಢಿಯ ಮಾತು. ನಿಜವಾಗಿ ಹೆಚ್ಚಿನ ಸಲ ಡಿಸ್ಕಿನ ದಪ್ಪ ಸುತ್ತಲೂ ಒಂದೇ ಸಮ ಉಳಿದಿರುವುದಿಲ್ಲ. ಇದಕ್ಕೆ ದಾರಿ ಎರಡು. ಹಬ್ಬಿನ ಮೇಲಿನ ತುಕ್ಕಿನಿಂದಲೋ, ಏರ್ ಗನ್‌ನಲ್ಲಿ ಒಂದು ನಟ್ ಅತಿ ಬಿಗಿ, ಇನ್ನೊಂದು ಸಡಿಲ ಮಾಡಿದ್ದರಿಂದಲೋ ಡಿಸ್ಕ್ ಒಂದಿಷ್ಟು ಸೊಟ್ಟಗೆ ತಿರುಗುತ್ತ, ಒಂದು ಜಾಗದಲ್ಲಿ ಮಾತ್ರ ಪ್ಯಾಡಿಗೆ ಉಜ್ಜಿ ಉಜ್ಜಿ ತೆಳುವಾಗುತ್ತದೆ. ಇನ್ನೊಂದು ದಾರಿ ಘಾಟಿಯದ್ದು. ಚಾರ್ಮಾಡಿಯೋ ಆಗುಂಬೆಯೋ ಇಳಿಯುವಾಗ ಉದ್ದಕ್ಕೂ ಬ್ರೇಕಿನ ಮೇಲೇ ಕಾಲಿಟ್ಟು, ಕೆಳಗೆ ಬಂದ ಕೂಡಲೇ ಪೆಡಲ್ ಒತ್ತಿಹಿಡಿದು ನಿಂತರೆ, ಕಾದ ಪ್ಯಾಡಿನ ಪುಡಿ ಡಿಸ್ಕಿನ ಒಂದೇ ಜಾಗಕ್ಕೆ ಅಚ್ಚೊತ್ತಿದಂತೆ ಅಂಟಿಕೊಳ್ಳುತ್ತದೆ. ಮುಂದೆ ಪ್ರತಿ ಸುತ್ತಿನಲ್ಲೂ ಪ್ಯಾಡ್ ಆ ಜಾಗದಲ್ಲಿ ಎಡವುತ್ತದೆ. ಎರಡನೇ ಗೇರಿನಲ್ಲಿ ಇಳಿದರೆ ಈ ಖರ್ಚೇ ಇಲ್ಲ. ಹತ್ತುವಾಗ ಬೇಕಾಗುವ ಗೇರೇ ಇಳಿಯುವಾಗಲೂ ಬೇಕು ಎಂದು ಹಿಂದಿನ ಲಾರಿ ಡ್ರೈವರ್‌ಗಳು ಹೇಳುತ್ತಿದ್ದುದು ಸುಮ್ಮನೆ ಅಲ್ಲ.

ಕಾಗದದ ಒಂದು ಹಾಳೆಯ ದಪ್ಪದಷ್ಟು, ಅಂದರೆ ಸುಮಾರು 0.1 ಮಿಲಿಮೀಟರ್ ಓಲಾಡಿದರೂ ಕೈಗೆ ಗೊತ್ತಾಗಬಹುದು. ಕಣ್ಣಿನಿಂದ ಇದನ್ನು ಅಳೆಯಲಾಗದು, ಡಯಲ್ ಗೇಜ್ ಇರುವ ಗ್ಯಾರೇಜೇ ಬೇಕು. ಲೇತ್‌ಗೆ ಕೊಟ್ಟು ಡಿಸ್ಕನ್ನು ಸಮ ಮಾಡಿಸುವುದಾದರೆ, ಡಿಸ್ಕಿನ ಅಂಚಿನಲ್ಲೋ ನಡುವಿನ ಟೋಪಿಯಲ್ಲೋ ಕೆತ್ತಿರುವ ಕನಿಷ್ಠ ದಪ್ಪದ ಅಂಕಿಯನ್ನು ನೋಡಿ. ಅದಕ್ಕಿಂತ ತೆಳುವಾಗುವಂತಿದ್ದರೆ ಲೇತ್ ಬೇಡ, ಹೊಸ ಡಿಸ್ಕ್ ಹಾಕಿಸಿ. ಎಡಬಲ ಎರಡನ್ನೂ ಒಟ್ಟಿಗೆ, ಪ್ಯಾಡ್ ಸಮೇತ. ಒಂದನ್ನೇ ಬದಲಿಸಿ ಉಳಿಸಿದ ದುಡ್ಡು ಬ್ರೇಕ್ ಒತ್ತಿದಾಗ ಕಾರು ಒಂದು ಕಡೆ ಎಳೆಯುವುದರಲ್ಲಿ ಕಳೆದುಹೋಗುತ್ತದೆ.

ಹಿಂದಿನ ಡ್ರಮ್ ಮೇಲೆ ಅನುಮಾನವಿದ್ದರೆ ಖಾಲಿ ರಸ್ತೆಯಲ್ಲಿ 40ರ ವೇಗದಲ್ಲಿ, ಹ್ಯಾಂಡ್‌ಬ್ರೇಕಿನ ಗುಂಡಿಯನ್ನು ಒತ್ತಿ ಹಿಡಿದುಕೊಂಡೇ ಲಿವರ್ ಮೆಲ್ಲಗೆ ಎಳೆಯಿರಿ. ಈ ಕಾರುಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು ಮಾತ್ರ. ಆಗಲೂ ಕಾರು ಕುಲುಕಿದರೆ ಡ್ರಮ್ ದುಂಡಗೆ ಉಳಿದಿಲ್ಲ. ಮಳೆ ಬಂದು ರಸ್ತೆ ಒದ್ದೆಯಿದ್ದ ದಿನ ಈ ಪರೀಕ್ಷೆ ಬೇಡವೇ ಬೇಡ.

10. ಓಡಿದ ಮೇಲೆ ಚಕ್ರದ ಹತ್ತಿರ ಕೈ ಒಯ್ದು ನೋಡಿ

ಹೊರಟಾಗ ಸರಿಯಿದ್ದು, ಅರ್ಧ ಗಂಟೆ ಓಡಿದ ಮೇಲೆ ಅದುರಲು ಶುರುವಾದರೆ ಬ್ರೇಕ್ ಕ್ಯಾಲಿಪರ್ ಕಚ್ಚಿಕೊಂಡಿರುವ ಸಂಭವ ಹೆಚ್ಚು. ನಿಲ್ಲಿಸಿ, ರಿಮ್ ಮುಟ್ಟದೆ ಅದರ ಹತ್ತಿರ ಅಂಗೈ ಒಯ್ಯಿರಿ. ಒಂದು ಚಕ್ರ ಮಾತ್ರ ಕಾವು ಹೊಡೆಯುತ್ತಿದ್ದರೆ, ಸುಟ್ಟ ವಾಸನೆ ಬರುತ್ತಿದ್ದರೆ ಅದೇ. ವರ್ಷಗಟ್ಟಲೆ ಬ್ರೇಕ್ ಆಯಿಲ್ ಬದಲಿಸದ ಹಳೆಯ ಕಾರುಗಳಲ್ಲಿ ಪಿಸ್ಟನ್ ತುಕ್ಕು ಹಿಡಿದು ಹಿಂದಕ್ಕೆ ಸರಿಯುವುದಿಲ್ಲ. ಕ್ಯಾಲಿಪರ್ ಜಾರುವ ಪಿನ್ನುಗಳ ಗ್ರೀಸು ಒಣಗಿದ್ದರೂ ಹೀಗೇ ಆಗುತ್ತದೆ.

11. ಜಾಕ್ ಏರಿಸಿ ಚಕ್ರ ಅಲ್ಲಾಡಿಸಿ

ಸಮತಟ್ಟಾದ ಗಟ್ಟಿ ನೆಲ, ಹ್ಯಾಂಡ್‌ಬ್ರೇಕ್ ಮೇಲೆ, ಗೇರಿನಲ್ಲಿ ಗಾಡಿ, ಹಿಂದಿನ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು. ಜಾಕ್ ಒಂದರ ಮೇಲೆ ನಿಂತ ಕಾರಿನ ಕೆಳಗೆ ತಲೆ ತೂರಿಸಬಾರದು, ಇದರಲ್ಲಿ ರಾಜಿಯಿಲ್ಲ.

ಮುಂದಿನ ಒಂದು ಚಕ್ರ ನೆಲದಿಂದ ಎದ್ದ ಮೇಲೆ, ಗಡಿಯಾರದ 12 ಮತ್ತು 6ರ ಜಾಗದಲ್ಲಿ ಕೈಯಿಟ್ಟು ಚಕ್ರವನ್ನು ಒಳಕ್ಕೂ ಹೊರಕ್ಕೂ ಅಲ್ಲಾಡಿಸಿ. ಕಟಕ್ ಎಂದು ಆಡಿದರೆ ಬೇರಿಂಗ್ ಅಥವಾ ಕೆಳಗಿನ ಬಾಲ್ ಜಾಯಿಂಟ್. ಎರಡರಲ್ಲಿ ಯಾವುದು? ಒಳಗೆ ಕೂತವರು ಬ್ರೇಕ್ ಒತ್ತಿ ಹಿಡಿಯಲಿ, ನೀವು ಮತ್ತೆ ಅಲ್ಲಾಡಿಸಿ. ಆಟ ನಿಂತುಹೋದರೆ ಬೇರಿಂಗ್. ಹಾಗೇ ಉಳಿದರೆ ಬಾಲ್ ಜಾಯಿಂಟ್. ಗ್ಯಾರೇಜಿನಲ್ಲಿ ಅರ್ಧ ಗಂಟೆ ವಾದ ಮಾಡುವ ವಿಷಯ ಇಲ್ಲಿ ಒಂದು ಪೆಡಲಿನಲ್ಲಿ ತೀರ್ಮಾನವಾಗುತ್ತದೆ.

ಈಗ ಕೈಗಳನ್ನು 9 ಮತ್ತು 3ರ ಜಾಗಕ್ಕೆ ತನ್ನಿ. ಇಲ್ಲಿ ಮಾತ್ರ ಆಟವಿದ್ದರೆ ಟೈ ರಾಡ್ ಎಂಡ್ ಸವೆದಿದೆ, ಇಲ್ಲವೇ ಸ್ಟೀರಿಂಗ್ ರ‍್ಯಾಕಿನ ಬುಷ್ ಹೋಗಿದೆ. ಜಾಯಿಂಟಿನ ರಬ್ಬರ್ ಟೋಪಿ ಹರಿದು ಗ್ರೀಸು ಸೋರಿದ್ದರೆ ಟಾರ್ಚಿನ ಬೆಳಕಿಗೇ ಕಾಣುತ್ತದೆ. ಇವನ್ನು ಬದಲಿಸಿದ ಮೇಲೆ ಅಲೈನ್‌ಮೆಂಟ್ ಮಾಡಿಸಲೇಬೇಕು. ಆ ಖರ್ಚು ನ್ಯಾಯವಾದದ್ದು.

ಇಲ್ಲಿ ತಿಳಿದಿರಬೇಕಾದ ಒಂದು ಸೂಕ್ಷ್ಮವಿದೆ. ಸವೆದ ಜಾಯಿಂಟು ತಾನಾಗಿ ಅದುರಾಟವನ್ನು ಹುಟ್ಟಿಸುವುದು ಕಡಿಮೆ, ಇರುವ ಸಣ್ಣ ಅದುರಾಟವನ್ನು ದೊಡ್ಡದು ಮಾಡಿ ಕೈಗೆ ಮುಟ್ಟಿಸುತ್ತದೆ. ಹೊಸ ಕಾರಿನಲ್ಲಿ ಗೊತ್ತೇ ಆಗದ 10 ಗ್ರಾಂ ವ್ಯತ್ಯಾಸ ಒಂದು ಲಕ್ಷ ಕಿಲೋಮೀಟರ್ ಓಡಿದ ಕಾರಿನಲ್ಲಿ ಕಾಟ ಕೊಡುವುದು ಇದರಿಂದಲೇ. ಆಗ ಬ್ಯಾಲೆನ್ಸಿಂಗ್ ಮಾಡಿಸಿದರೆ ತಾತ್ಕಾಲಿಕವಾಗಿ ಆರಾಮ ಸಿಗುತ್ತದೆ, ಜಾಯಿಂಟು ಮಾತ್ರ ಹಾಗೇ ಉಳಿದಿರುತ್ತದೆ.

ಬೇರಿಂಗಿನದು ಬರೀ ಅದುರುವ ತಂಟೆಯಲ್ಲ, ಒಂದೇ ಸಮ ಗುಂಯ್ ಎಂಬ ಸದ್ದೂ ಇರುತ್ತದೆ. ಓಡುವಾಗ ಬಲಕ್ಕೆ ತಿರುಗಿದರೆ ಭಾರ ಎಡ ಚಕ್ರದ ಮೇಲೆ ಬೀಳುತ್ತದೆ, ಆಗ ಸದ್ದು ಜೋರಾದರೆ ಎಡದ ಬೇರಿಂಗ್. ಹೊಸದನ್ನು ಸುತ್ತಿಗೆಯಲ್ಲಿ ಬಡಿದು ಕೂರಿಸಲು ಬಿಡಬೇಡಿ. ಪ್ರೆಸ್ ಮಷಿನ್ ಇರುವಲ್ಲೇ ಮಾಡಿಸಿ, ಬಡಿದು ಕೂರಿಸಿದ ಬೇರಿಂಗ್ ಬೇಗ ಮತ್ತೆ ಹಾಡತೊಡಗುತ್ತದೆ.

12. ಆಕ್ಸಿಲರೇಟರ್ ಒತ್ತಿದಾಗ ಅದುರಿದರೆ ಆಕ್ಸಲ್ ನೋಡಿ

ಮುಂದಿನ ಚಕ್ರ ಎಳೆಯುವ ಕಾರುಗಳಲ್ಲಿ ಗೇರ್‌ಬಾಕ್ಸ್ ಪಕ್ಕದ ಒಳಗಿನ ಸಿವಿ ಜಾಯಿಂಟ್ ಸವೆದರೆ, ಏರಿನಲ್ಲಿ ಅಥವಾ ಓವರ್‌ಟೇಕ್ ಮಾಡುವಾಗ ಕಾರು ಕುಲುಕುತ್ತದೆ, ಕಾಲು ತೆಗೆದ ಕೂಡಲೇ ತಣ್ಣಗಾಗುತ್ತದೆ. ಹೊರಗಿನ ಜಾಯಿಂಟ್ ಹೋದರೆ ಸ್ಟೀರಿಂಗ್ ಪೂರ್ತಿ ತಿರುಗಿಸಿ ಹೊರಡುವಾಗ ಕಟಕಟ ಸದ್ದು ಬರುತ್ತದೆ. ರಿಮ್ಮಿನ ಒಳಬದಿಗೆ ಕಪ್ಪು ಗ್ರೀಸು ಎರಚಿದ್ದರೆ ರಬ್ಬರ್ ಬೂಟ್ ಹರಿದಿದೆ. ಹರಿದದ್ದು ಈಚೆಗಾಗಿದ್ದರೆ ಬೂಟ್ ಮತ್ತು ಗ್ರೀಸು ಸಾಕಾಗಬಹುದು. ಮಣ್ಣು ಸೇರಿ ತಿಂಗಳುಗಳಾಗಿದ್ದರೆ ಜಾಯಿಂಟೇ ಬೇಕು.

13. ನಿಂತಲ್ಲೇ ಅದುರಿದರೆ ಇಂಜಿನ್ ಕಡೆ ತಿರುಗಿ

ಸಿಗ್ನಲ್‌ನಲ್ಲಿ, ನ್ಯೂಟ್ರಲ್‌ನಲ್ಲಿ, ಎಸಿ ಹಾಕಿದಾಗ ಅದುರಿದರೆ ಇಂಜಿನ್ ಮೌಂಟಿಂಗ್ ರಬ್ಬರ್ ಕುಸಿದಿದೆ, ಐಡ್ಲಿಂಗ್ ಕಡಿಮೆಯಿದೆ ಅಥವಾ ಒಂದು ಸಿಲಿಂಡರ್ ಹೊಡೆಯುತ್ತಿಲ್ಲ. ಇದಕ್ಕಾಗಿ ಟೈರ್ ಅಂಗಡಿಗೆ ಹೋಗಬೇಡಿ.

14. ಒಂದು ಸಲಕ್ಕೆ ಒಂದೇ ಕೆಲಸ

ಅಗ್ಗದ್ದರಿಂದ ಶುರುಮಾಡಿ: ನಟ್, ಗಾಳಿ, ಕೆಸರು, ಅದಲುಬದಲು, ಬ್ಯಾಲೆನ್ಸಿಂಗ್. ಆಮೇಲೆ ಟೈರು, ಆಮೇಲೆ ಜಾಯಿಂಟು, ಡಿಸ್ಕು. ಪ್ರತಿ ಕೆಲಸದ ನಂತರ ಅದೇ ರಸ್ತೆಗೆ ಹೋಗಿ ಮೊದಲ ಪಟ್ಟಿಯೊಂದಿಗೆ ಹೋಲಿಸಿ. ಮೂರು ಕೆಲಸ ಒಟ್ಟಿಗೆ ಮಾಡಿಸಿದರೆ ಯಾವುದರಿಂದ ಸರಿಹೋಯಿತೆಂದು ಎಂದಿಗೂ ಗೊತ್ತಾಗುವುದಿಲ್ಲ, ಉಳಿದೆರಡರ ದುಡ್ಡು ದಂಡ. ಬದಲಿಸಿದ ಹಳೆಯ ಸಾಮಾನನ್ನು ತೋರಿಸಿ ಎಂದು ಕೇಳಿ ಪಡೆದುಕೊಳ್ಳಿ. ಸವೆದ ಬಾಲ್ ಜಾಯಿಂಟನ್ನು ಕೈಯಲ್ಲಿ ಹಿಡಿದರೆ ಸವೆದದ್ದು ಹೌದೋ ಅಲ್ಲವೋ ಯಾರಿಗಾದರೂ ತಿಳಿಯುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ನೀವೇ ಬಿಡಿಭಾಗ ತರುವುದಾದರೆ ಹಳೆಯದನ್ನು ಜೊತೆಗೆ ಒಯ್ಯಿರಿ. ಒಂದೇ ಹೆಸರಿನ ಕಾರಿಗೆ ಬೇರೆ ಬೇರೆ ವರ್ಷಗಳಲ್ಲಿ ಬೇರೆ ಬೇರೆ ಅಳತೆಯ ಸಾಮಾನು ಬಂದಿರುತ್ತದೆ. ಮಾರುತಿ 800ರ ತಯಾರಿಕೆ 2014ರ ಜನವರಿಯಲ್ಲೇ ನಿಂತಿದ್ದರೂ ಅದರ ಸಾಮಾನು ಈಗಲೂ ಸಿಗುತ್ತದೆ. ಅಸಲಿಯೋ ನಕಲಿಯೋ ನೋಡಿ ಕೊಳ್ಳುವ ಜವಾಬ್ದಾರಿ ನಿಮ್ಮದು.

ಹೊರಗಿನಿಂದ ಕೊಂಡ ಅಲಾಯ್ ಚಕ್ರ ಹಾಕಿಸಿದವರಿಗೆ ಒಂದು ಮಾತು: ಅವುಗಳ ನಡುವಿನ ರಂಧ್ರ ಹಲವು ಕಾರುಗಳಿಗೆ ಹೊಂದಲೆಂದು ದೊಡ್ಡದಾಗಿರುತ್ತದೆ. ಹಬ್ಬಿಗೂ ರಂಧ್ರಕ್ಕೂ ನಡುವೆ ಸರಿಯಾದ ಅಳತೆಯ ರಿಂಗ್ ಹಾಕದಿದ್ದರೆ ಚಕ್ರ ಕೂದಲೆಳೆಯಷ್ಟು ಪಕ್ಕಕ್ಕೆ ಕೂತು, ಯಾವ ಬ್ಯಾಲೆನ್ಸಿಂಗ್‌ಗೂ ಬಗ್ಗುವುದಿಲ್ಲ. ಬೆಂಡಾದ ಕಬ್ಬಿಣದ ರಿಮ್ಮನ್ನು ಸರಿ ಮಾಡಿಸಿಕೊಳ್ಳಬಹುದು. ಬಿರುಕು ಬಿಟ್ಟ ಅಲಾಯ್ ಚಕ್ರಕ್ಕೆ ವೆಲ್ಡಿಂಗ್ ಹಾಕಿಸಿ ಹೆದ್ದಾರಿಗೆ ಇಳಿಯಬೇಡಿ.

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿದು, ಮುಂದೆ ಐದೈದು ವರ್ಷಕ್ಕೆ ನವೀಕರಣವಾಗುತ್ತದೆ. ಆ ನವೀಕರಣಕ್ಕೆ ಬೇಕಾದ ಎಫ್‌ಸಿಗೆಂದು (ಫಿಟ್‌ನೆಸ್ ಸರ್ಟಿಫಿಕೇಟ್) ಹೇಗೂ ಕಾರನ್ನು ಆರ್‌ಟಿಒಗೆ ಒಯ್ಯಬೇಕು, ಈ ಪರೀಕ್ಷೆಗಳನ್ನು ಅದಕ್ಕೆ ಮುಂಚೆಯೇ ಮುಗಿಸಿಕೊಂಡರೆ ಅಲ್ಲಿ ತಲೆನೋವಿಲ್ಲ. ಟೈರ್ ಉಬ್ಬಿದ್ದರೆ, ನಟ್ ಕೂರುವ ಸ್ಟಡ್ ಮುರಿದಿದ್ದರೆ, ಬಾಲ್ ಜಾಯಿಂಟ್ ಆಡುತ್ತಿದ್ದರೆ ಮಾತ್ರ ಎಫ್‌ಸಿ ದಿನಾಂಕ ಕಾಯಬೇಡಿ, ಗ್ಯಾರೇಜಿನವರೆಗೆ ಓಡಿಸಿಕೊಂಡು ಹೋಗಲೂ ಬೇಡಿ. ಫೋನ್ ಮಾಡಿ ಮೆಕ್ಯಾನಿಕ್ಕನ್ನೇ ಮನೆಗೆ ಕರೆಸಿ.